ಲಕ್ವಾ ಹೊಡೆದಾಗ ಮನೆಯವರು ಏನು ಮಾಡಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಇಟ್ಟಿದ್ದೇವೆ. ನಿಮ್ಮ ಮನೆಯಲ್ಲಿ ಈಗಲೇ ಯಾರಿಗಾದರೂ ಬಾಯಿ ಸೊಟ್ಟಗಾಗಿದ್ದರೆ, ಕೈ ಸೋತಿದ್ದರೆ, ಮಾತು ತೊದಲುತ್ತಿದ್ದರೆ ಓದುವುದನ್ನು ಇಲ್ಲಿಗೇ ಬಿಟ್ಟು 108ಕ್ಕೆ ಫೋನ್ ಮಾಡಿ.

### ಮೊದಲ ತಿಳಿವಳಿಕೆ

ಲಕ್ವಾ, ಪಾರ್ಶ್ವವಾಯು, ಸ್ಟ್ರೋಕ್ ಎಲ್ಲಾ ಒಂದ ಏನ್ರಿ?

ಹೆಚ್ಚುಕಡಿಮೆ ಒಂದೇ. ಮೆದುಳಿಗೆ ಹೋಗುವ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡರೆ, ಇಲ್ಲವೇ ಮೆದುಳೊಳಗೆ ರಕ್ತನಾಳ ಒಡೆದರೆ ಅದು ಸ್ಟ್ರೋಕ್. ಐವರಲ್ಲಿ ಸುಮಾರು ನಾಲ್ವರಿಗೆ ಆಗುವುದು ಹೆಪ್ಪಿನದು. ಅದರಿಂದ ಮೈಯ ಒಂದು ಮಗ್ಗುಲು ಸೋಲುವುದಕ್ಕೆ ನಮ್ಮ ಕಡೆ ಲಕ್ವಾ ಅನ್ನುತ್ತೇವೆ. 'ಗಾಳಿ ಬಡೀತು', 'ವಾಯು ಆತು' ಅನ್ನುವ ಮಾತಿನಿಂದ ಒಂದು ತೊಡಕಾಗಿದೆ: ರೋಗ ಕೈಕಾಲಿನಲ್ಲಿದೆ ಅನ್ನಿಸಿ ಜನ ಎಣ್ಣೆ ತಿಕ್ಕುತ್ತ ಕೂರುತ್ತಾರೆ. ಆ ಹೊತ್ತಿಗೆ ತಲೆಯೊಳಗೆ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತಿರುತ್ತವೆ.

ಕೈಕಾಲು ಸೋಲದೆ ಬರೀ ಮಾತು ಹೋಗುವ, ಬರೀ ಕಣ್ಣು ಮಂಜಾಗುವ, ಬರೀ ತೋಲ ತಪ್ಪುವ ಸ್ಟ್ರೋಕೂ ಇದೆ. ಹಾಗಾಗಿ 'ಕೈಕಾಲು ಆಡ್ತಾವು, ಲಕ್ವಾ ಅಲ್ಲ' ಎಂದು ಸಮಾಧಾನ ಮಾಡಿಕೊಳ್ಳಬೇಡಿ.

ಲಕ್ವಾ ಅಂತ ಗುರ್ತಾ ಹೆಂಗ ಹಿಡೀಬೇಕ್ರಿ? ನಾವೇನು ಡಾಕ್ಟರ್ ಅಲ್ಲ.

ಆರು ಮಾತು ನೆನಪಿಟ್ಟರೆ ಸಾಕು: ನಡೆ, ನೋಟ, ಮುಖ, ಕೈ, ಮಾತು, ವೇಳೆ.

ನಡೆ ಎಂದರೆ ಇದ್ದಕ್ಕಿದ್ದಂತೆ ತೋಲ ತಪ್ಪುವುದು, ಒಂದೇ ಕಡೆ ವಾಲುವುದು. ನೋಟ ಎಂದರೆ ಹಠಾತ್ತನೆ ಒಂದು ಕಣ್ಣು ಕಾಣದಿರುವುದು, ಎರಡೆರಡು ಕಾಣುವುದು, ಅಥವಾ ನೋಟದ ಒಂದು ಅರ್ಧ ಅಳಿದಂತಾಗುವುದು.

ಮುಖ ನೋಡಲು 'ನಗ್ರಿ' ಎಂದರೆ ಗಾಬರಿಯಲ್ಲಿದ್ದ ಹಿರಿಯರು ನಗುವುದಿಲ್ಲ. 'ಹಲ್ಲು ತೋರಸ್ರಿ' ಅನ್ನಿ. ತುಟಿಯ ಒಂದು ಮೂಲೆ ಮೇಲೇರದೆ ಜೋತುಬಿದ್ದರೆ ಗೊತ್ತಾಗುತ್ತದೆ. ಕೈ ನೋಡಲು ಎರಡೂ ಕೈಗಳನ್ನು ಪ್ರಸಾದ ಹಿಡಿಯುವಂತೆ ಅಂಗೈ ಮೇಲಾಗಿ ಮುಂದೆ ಚಾಚಿಸಿ, ಕಣ್ಣು ಮುಚ್ಚಿಸಿ, 10 ಎಣಿಸಿ. ಸೋತ ಕೈ ನಿಧಾನಕ್ಕೆ ಕೆಳಗಿಳಿಯುತ್ತದೆ, ಅಂಗೈ ಒಳಕ್ಕೆ ತಿರುಗುತ್ತದೆ. ಕಣ್ಣು ಮುಚ್ಚಿಸುವುದನ್ನು ಬಿಡಬೇಡಿ. ಕಣ್ಣು ತೆರೆದಿದ್ದರೆ ಕೈ ಇಳಿಯುವುದನ್ನು ಕಂಡು ಅವರೇ ಮೇಲೆತ್ತಿಬಿಡುತ್ತಾರೆ. ಮಾತಿಗೆ ಒಂದು ಸಾದಾ ಸಾಲು ಹೇಳಿಸಿ: 'ನಾಳೆ ಮುಂಜಾನೆ ಸಂತಿಗೆ ಹೋಗೂಣು.' ತೊದಲುವುದಷ್ಟೇ ಲಕ್ಷಣವಲ್ಲ. ಸ್ಪಷ್ಟವಾಗಿ ಮಾತಾಡುತ್ತಲೇ ಅರ್ಥವಿಲ್ಲದ ಪದ ಬರುವುದು, ನೀವು ಹೇಳಿದ್ದು ಅವರಿಗೆ ತಿಳಿಯದಿರುವುದು ಕೂಡ ಲಕ್ಷಣವೇ. ಇಂಥವರನ್ನು 'ಕುಡದಾನ', 'ಮರುಳಾಗ್ಯಾನ' ಎಂದು ಮಲಗಿಸಿ ರಾತ್ರಿ ಕಳೆದ ಮನೆಗಳಿವೆ.

ಇವುಗಳಲ್ಲಿ ಒಂದು ಕಂಡರೂ ಸಾಕು, ಎಲ್ಲವೂ ಕೂಡಿಬರಲಿ ಎಂದು ಕಾಯಬೇಡಿ. ಕೊನೆಯದು ವೇಳೆ: ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ.

ಬಾಯಿ ಅಷ್ಟ ಸೊಟ್ಟ ಆಗೇತಿ, ಕೈಕಾಲು ಛಲೋ ಅದಾವು. ಇದೂ ಲಕ್ವಾನ?

ಮುಖದ ನರ ಮಾತ್ರ ಬಾತು ಹೀಗಾಗುವುದುಂಟು. ಅದಕ್ಕೆ ಬೆಲ್ಸ್ ಪಾಲ್ಸಿ ಎನ್ನುತ್ತಾರೆ. ಅದರಲ್ಲಿ ಆ ಕಡೆಯ ಹುಬ್ಬು ಏರುವುದಿಲ್ಲ, ಹಣೆಯಲ್ಲಿ ಗೆರೆ ಬೀಳುವುದಿಲ್ಲ, ಕಣ್ಣು ಪೂರ್ತಿ ಮುಚ್ಚುವುದಿಲ್ಲ. ಸ್ಟ್ರೋಕಿನಲ್ಲಿ ಸಾಮಾನ್ಯವಾಗಿ ಹಣೆ ಸರಿಯಾಗಿದ್ದು ಬಾಯಿ ಮಾತ್ರ ಎಳೆಯುತ್ತದೆ. ಇದನ್ನು ತಿಳಿದಿರಿ, ಆದರೆ ಮನೆಯಲ್ಲೇ ತೀರ್ಮಾನ ಮಾಡಬೇಡಿ. ಬೆಲ್ಸ್ ಪಾಲ್ಸಿಗೂ ಗುಳಿಗೆ 72 ತಾಸಿನೊಳಗೆ ಶುರುವಾದರೆ ಗುಣ ಹೆಚ್ಚು. ಎರಡಕ್ಕೂ ದಾರಿ ಆಸ್ಪತ್ರೆಯದೇ.

ಚಕ್ಕರ್ ಬಂದು ವಾಂತಿ ಆದ್ರ ಪಿತ್ತ ಅಂತೀವಿ. ಅದರಾಗ ಲಕ್ವಾ ಹೆಂಗ ಗೊತ್ತಾಗಬೇಕು?

ಮೆದುಳಿನ ಹಿಂಭಾಗಕ್ಕೆ ರಕ್ತ ಹೋಗುವುದು ನಿಂತಾಗ ಹೀಗೇ ಶುರುವಾಗುತ್ತದೆ, ತಪ್ಪಿಹೋಗುವುದೂ ಇಲ್ಲೇ ಹೆಚ್ಚು. ಚಕ್ಕರಿನ ಜೊತೆ ಆಸರೆಯಿಲ್ಲದೆ ನಿಲ್ಲಲಾಗದಿದ್ದರೆ, ಎರಡೆರಡು ಕಂಡರೆ, ಮಾತು ತೊದಲಿದರೆ, ನೀರು ನುಂಗಲು ಆಗದಿದ್ದರೆ ಅದನ್ನು ಪಿತ್ತ ಎನ್ನಬೇಡಿ. ಜೀವಮಾನದಲ್ಲಿ ಕಾಣದಂಥ ತಲೆನೋವು ಸಿಡಿಲಿನಂತೆ ಒಮ್ಮೆಗೇ ಬಡಿದರೆ ರಕ್ತನಾಳ ಒಡೆದಿರಬಹುದು.

ಹತ್ತು ನಿಮಿಷದಾಗ ತಾನಾ ಸರಿ ಆತ್ರಿ. ಇನ್ನ ದವಾಖಾನಿಗೆ ಯಾಕ ಹೋಗಬೇಕು?

ಹೆಪ್ಪು ಬಂದು ಸಿಕ್ಕಿ ತಾನೇ ಕರಗಿದೆ ಎಂದು ಅರ್ಥ. ಅದು ಎಲ್ಲಿಂದ ಬಂತೋ ಆ ಜಾಗ ಹಾಗೇ ಇದೆ: ಕುತ್ತಿಗೆಯ ರಕ್ತನಾಳದ ಕೊಬ್ಬಿರಬಹುದು, ಲಯ ತಪ್ಪಿ ಬಡಿಯುವ ಹೃದಯವಿರಬಹುದು. ಮುಂದಿನ ದೊಡ್ಡ ಸ್ಟ್ರೋಕಿನ ಭಯ ಮೊದಲ 48 ತಾಸಿನಲ್ಲಿ ಅತಿ ಹೆಚ್ಚು. ಸೋಮವಾರ ಸರಿಹೋಯಿತೆಂದು ಗುರುವಾರ ತೋರಿಸಲು ಹೋಗುವುದಲ್ಲ, ಅಂದೇ ಹೋಗಬೇಕು. ಇಷ್ಟು ಮುಂಚೆ ಎಚ್ಚರಿಕೆ ಸಿಗುವುದು ಎಲ್ಲರ ಭಾಗ್ಯವಲ್ಲ.

ಶುಗರ್ ಇಳಿದ್ರೂ ಹಿಂಗ ಆಕ್ಕೈತೆಲ್ರಿ?

ಆಗುತ್ತದೆ. ಶುಗರ್ ಇಳಿದಾಗ ಒಂದು ಕೈ ಸೋಲುವುದು, ಮಾತು ತೊದಲುವುದು ಕೂಡ ಕಂಡಿದೆ. ಸಕ್ಕರೆ ಕಾಯಿಲೆ ಇರುವ ಮನೆಯಲ್ಲಿ ಗ್ಲುಕೋಮೀಟರ್ ಇರಲೇಬೇಕು, ಪಟ್ಟಿಗಳ ತಾರೀಖು ಮುಗಿದಿರಬಾರದು. 70ಕ್ಕಿಂತ ಕಡಿಮೆ ಬಂದು, ಮನುಷ್ಯ ಎಚ್ಚರವಿದ್ದು, ಕೂತು, ಬಾಯಿ ನೆಟ್ಟಗಿದ್ದು, ಎಂಜಲು ತಾನೇ ನುಂಗುತ್ತಿದ್ದರೆ 3 ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಬಹುದು. ಬಾಯಿ ಸೊಟ್ಟಗಾಗಿದ್ದರೆ, ಜೊಲ್ಲು ಸುರಿಯುತ್ತಿದ್ದರೆ, ಮಂಪರಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಶುಗರ್ ಎಷ್ಟಿದೆ ಎಂದು ಹೇಳಿ. ಪರೀಕ್ಷೆಗೆ ಒಂದು ನಿಮಿಷ ಸಾಕು. ಅದರ ಸಲುವಾಗಿ ಹೊರಡುವುದು ತಡವಾಗಬಾರದು.

### ಆ ಹೊತ್ತಿನಲ್ಲಿ

ಆಂಬುಲೆನ್ಸ್ ಬರೂತನಕ ಮನ್ಯಾಗ ಏನು ಮಾಡಬೇಕು?

ಒಬ್ಬರು ಫೋನಿಗೆ, ಒಬ್ಬರು ರೋಗಿಯ ಬಳಿ, ಒಬ್ಬರು ರಸ್ತೆಗೆ. ಬಿದ್ದಿದ್ದರೆ ತಲೆಗೆ ಪೆಟ್ಟಾಗಿದೆಯೇ ನೋಡಿ. ಎಚ್ಚರವಿದ್ದರೆ ತಲೆಗೊಂದು ದಿಂಬಿಟ್ಟು ಮಲಗಿಸಿ. ವಾಂತಿಯಾಗುತ್ತಿದ್ದರೆ, ಮಂಪರಿದ್ದರೆ ಒಂದು ಮಗ್ಗುಲಿಗೆ ಹೊರಳಿಸಿ. ಅಂಗಾತ ಮಲಗಿದವರ ವಾಂತಿ ನೇರ ಶ್ವಾಸಕೋಶಕ್ಕಿಳಿಯುತ್ತದೆ. ಕಟ್ಟಿದ ಹಲ್ಲಿದ್ದರೆ ತೆಗೆಯಿರಿ, ಕೊರಳ ಗುಂಡಿ ಬಿಚ್ಚಿ. ಸೋತ ಕೈ ಹಿಡಿದು ಎಳೆದು ಎಬ್ಬಿಸಬೇಡಿ, ಭುಜದ ಕೀಲು ಜಾರುತ್ತದೆ.

ಬಾಯಿಗೆ ನೀರು, ಚಹಾ, ಗುಳಿಗೆ, ತೀರ್ಥ ಯಾವುದೂ ಬೇಡ. ಗಂಟಲಿನ ಸ್ನಾಯುವೂ ಸೋತಿರುತ್ತದೆ. ಒಂದು ಗುಟುಕು ನೀರು ತಪ್ಪುದಾರಿ ಹಿಡಿದರೆ ನ್ಯುಮೋನಿಯಾ ಆಗುತ್ತದೆ. 'ಒಂದ ಗುಟುಕು ನೀರು ಕೊಡ್ರಿ ಪಾಪ' ಎನ್ನುವ ನೆರೆಯವರ ಕರುಣೆ ನಮಗೆ ಅರ್ಥವಾಗುತ್ತದೆ, ಆದರೂ ತಡೆಯಿರಿ.

ಉಸಿರೇ ಇಲ್ಲದಿದ್ದರೆ, ಅಲುಗಾಡಿಸಿದರೂ ಎಚ್ಚರವಾಗದಿದ್ದರೆ ಎದೆಯ ನಡುವೆ ಎರಡೂ ಕೈಯಿಂದ ನಿಮಿಷಕ್ಕೆ 100ರಿಂದ 120ರಂತೆ, 5 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಿ.

ಹಾರ್ಟ್ ಅಟ್ಯಾಕಿಗೆ ಆಸ್ಪಿರಿನ್ ಕೊಡ್ತಾರಲ್ರಿ, ಲಕ್ವಾಕ್ಕೂ ಕೊಡಬಹುದಲ್ಲ? ಬಿಪಿ ಗುಳಿಗಿ?

ಎರಡೂ ಬೇಡ. ಹೆಪ್ಪೋ ರಕ್ತಸ್ರಾವವೋ ಎಂಬುದು ಹೊರಗಿನಿಂದ ತಿಳಿಯುವುದಿಲ್ಲ, ತಲೆಯ ಸಿಟಿ ಸ್ಕ್ಯಾನ್ ಆಗಬೇಕು. ರಕ್ತ ಸುರಿಯುತ್ತಿದ್ದ ಮೆದುಳಿಗೆ ಆಸ್ಪಿರಿನ್ ಸೇರಿದರೆ ಕೆಡುಕು ಹೆಚ್ಚು. ಇನ್ನು ಬಿಪಿ. ಸ್ಟ್ರೋಕಾದಾಗ 180, 200 ಏರುವುದು ಸಾಮಾನ್ಯ. ಕಟ್ಟಿದ ನಾಳದ ಆಚೆಗೆ ಒಂದಿಷ್ಟಾದರೂ ರಕ್ತ ತಳ್ಳಲು ದೇಹ ಹಾಗೆ ಮಾಡುತ್ತದೆ. ಗಾಬರಿಯಾಗಿ ನಾಲಿಗೆ ಕೆಳಗೆ ಗುಳಿಗೆ ಇಟ್ಟು ಒಮ್ಮೆಲೇ ಇಳಿಸಿದರೆ ಉಳಿಯಬಹುದಾಗಿದ್ದ ಭಾಗವೂ ಒಣಗುತ್ತದೆ. ಎಷ್ಟು ಇಳಿಸಬೇಕು ಎಂಬುದನ್ನು ಸ್ಕ್ಯಾನ್ ನೋಡಿದ ವೈದ್ಯರಿಗೆ ಬಿಡಿ.

ಬೆರಳಿಗೆ ಸೂಜಿ ಚುಚ್ಚಿ ರಕ್ತ ತಗದ್ರ ಇಳಿತೈತಂತ. ಪಾರಿವಾಳದ ರಕ್ತ, ನಾಟಿ ಔಷಧ?

ಸೂಜಿಯ ಮಾತು ಮೊಬೈಲಿನಲ್ಲಿ ಹರಿದಾಡುವ ಸುಳ್ಳು. ಬೆರಳ ತುದಿಯ ಎರಡು ಹನಿ ರಕ್ತಕ್ಕೂ ಮೆದುಳಿನ ಹೆಪ್ಪಿಗೂ ಸಂಬಂಧವಿಲ್ಲ. ಪಾರಿವಾಳದ ರಕ್ತ ಹಚ್ಚುವುದು, ಮೂಗಿಗೆ ಉಳ್ಳಾಗಡ್ಡಿ ಹಿಡಿಯುವುದು, ಮೂಗಿಗೆ ರಸ ಬಿಡುವುದು ಇವೂ ಹಾಗೆಯೇ. ಮೂಗಿಗೆ ಬಿಟ್ಟ ರಸ ಶ್ವಾಸಕೋಶಕ್ಕಿಳಿದು ಬೇರೆ ಆಪತ್ತು ತರುತ್ತದೆ.

ನಾಟಿ ಔಷಧ ತಗೊಂಡವರಲ್ಲಿ ಕೆಲವರು ಗುಣವಾಗಿದ್ದನ್ನು ನೀವು ಕಂಡಿರುತ್ತೀರಿ. ಸಣ್ಣ ಸ್ಟ್ರೋಕಾದವರು ವಾರಗಳಲ್ಲಿ ತಾವಾಗಿಯೇ ಬಹಳಷ್ಟು ಸುಧಾರಿಸುತ್ತಾರೆ, ಹೆಸರು ಔಷಧಕ್ಕೆ ಬರುತ್ತದೆ. ನಂಬಿಕೆಯಿದ್ದ ಮನೆಯವರೊಡನೆ ಜಗಳ ಬೇಡ. 'ಮೊದಲು ಸ್ಕ್ಯಾನ್ ಆಗಲಿ, ಉಳಿದದ್ದು ಆಮೇಲೆ ಮಾತಾಡೂಣು' ಎಂದರೆ ಹಿರಿಯರೂ ಒಪ್ಪುತ್ತಾರೆ.

108ಕ್ಕ ಕಾಯಬೇಕೋ, ನಮ್ಮ ಗಾಡಿ ಮ್ಯಾಲ ಒಯ್ಯಬೇಕೋ?

ಮೊದಲು ಫೋನ್ ಮಾಡಿ, ಎಷ್ಟು ಹೊತ್ತಾಗುತ್ತದೆ ಕೇಳಿ. ಆಂಬುಲೆನ್ಸಿನಲ್ಲಿ ಆಮ್ಲಜನಕವಿದೆ, ತರಬೇತಾದವರಿದ್ದಾರೆ, ಅದಕ್ಕೇ ಅದು ಮೇಲು. ತೀರ ತಡವೆಂದರೆ ಕಾರೋ ಜೀಪೋ ಹಿಡಿದು ಹೊರಡಿ. ಹಿಂದಿನ ಸೀಟಿನಲ್ಲಿ ಮಗ್ಗುಲಾಗಿ ಮಲಗಿಸಿ, ತಲೆಯ ಬಳಿ ಒಬ್ಬರು ಕೂರಲಿ. ಬೈಕಿನಲ್ಲಿ ಇಬ್ಬರ ನಡುವೆ ಕೂಡಿಸಿ ಒಯ್ಯುವುದು ಬೇಡವೇ ಬೇಡ: ಸೋತ ಕಾಲು ಗಾಲಿಗೆ ಸಿಗುತ್ತದೆ, ತಲೆ ಬಾಗಿ ಉಸಿರು ಕಟ್ಟುತ್ತದೆ.

ಫೋನಿನಲ್ಲಿ ಹೇಳಬೇಕಾದದ್ದು ಇಷ್ಟು: ಜಿಲ್ಲೆ, ತಾಲೂಕು, ಊರು, ಗುರುತಿನ ಗುಡಿ ಅಥವಾ ಶಾಲೆ, 'ಲಕ್ವಾ ಲಕ್ಷಣ ಇದೆ', ಶುರುವಾದ ವೇಳೆ, ವಯಸ್ಸು, ಎಚ್ಚರ ಇದೆಯೋ ಇಲ್ಲವೋ. 'ಅಜ್ಜಗ ಆರಾಮಿಲ್ಲ' ಎಂದಷ್ಟೇ ಹೇಳಿದರೆ ತುರ್ತು ತಿಳಿಯುವುದಿಲ್ಲ.

ಊರಾಗಿನ ಡಾಕ್ಟರ್ ಕಡೆ ಒಂದು ಸಲಾಯಿನ್ ಹಚ್ಚಿಸಿ ಹೋಗೂಣು ಅಂತಾರ.

ಸ್ಟ್ರೋಕನ್ನು ಇಳಿಸುವ ಔಷಧ ಆ ಬಾಟಲಿಯಲ್ಲಿಲ್ಲ. ಒಂದು ಬಾಟಲಿ ಇಳಿಯಲು ಒಂದೆರಡು ತಾಸು ಹೋಗುತ್ತದೆ, ಗ್ಲುಕೋಸ್ ಇದ್ದರೆ ಸ್ಟ್ರೋಕಿಗೆ ಕೇಡೂ ಹೌದು. ಊರಿನ ಡಾಕ್ಟರ್ ಒಳ್ಳೆಯವರಾದರೆ ಅವರಿಂದ ಒಂದು ಉಪಕಾರ ಕೇಳಿ: ದೊಡ್ಡಾಸ್ಪತ್ರೆಗೆ ಫೋನ್ ಮಾಡಿ 'ಸ್ಟ್ರೋಕ್ ಕೇಸ್ ಬರ್ತಾ ಇದೆ' ಎಂದು ತಿಳಿಸಲಿ.

### ಮನೆಯಲ್ಲಿ ಮೊದಲೇ ಮಾಡಿಡಬೇಕಾದದ್ದು

ಯಾವ ದವಾಖಾನಿಗೆ ಹೋಗಬೇಕು ಅಂತ ಹೆಂಗ ತೀರ್ಮಾನ ಮಾಡೂದು?

ಇದನ್ನು ಇವತ್ತು, ಎಲ್ಲರೂ ಆರಾಮಿದ್ದಾಗ ತೀರ್ಮಾನಿಸಿ. ವೇಳೆ ಹೆಚ್ಚು ಹಾಳಾಗುವುದು ರಸ್ತೆಯಲ್ಲಲ್ಲ, ಹೊಸ್ತಿಲೊಳಗಿನ ಚರ್ಚೆಯಲ್ಲಿ. ಹತ್ತಿರದ ಎರಡು ಮೂರು ಆಸ್ಪತ್ರೆಗಳಿಗೆ ಫೋನ್ ಮಾಡಿ ಕೇಳಿ: ರಾತ್ರಿ 2ಕ್ಕೂ ಸಿಟಿ ಸ್ಕ್ಯಾನ್ ಆಗುತ್ತದೆಯೇ? ಹೆಪ್ಪು ಕರಗಿಸುವ ಇಂಜೆಕ್ಷನ್ ನಿಮ್ಮಲ್ಲೇ ಇದೆಯೇ, ಹೊರಗಿನಿಂದ ತರಿಸುತ್ತೀರಾ? ಅದನ್ನು ಕೊಡುವ ವೈದ್ಯರು ಯಾವಾಗಲೂ ಸಿಗುತ್ತಾರೆಯೇ? ಹೆಪ್ಪನ್ನು ತಂತಿಯಿಂದ ತೆಗೆಯುವ ಸೌಲಭ್ಯವಿದೆಯೇ, ಇಲ್ಲದಿದ್ದರೆ ಎಲ್ಲಿಗೆ ಕಳಿಸುತ್ತೀರಿ?

ಬೆಳಗಾವಿಯಲ್ಲಿ ಕೆಎಲ್ಇ ಸಂಸ್ಥೆಯ ಪ್ರಭಾಕರ ಕೋರೆ ಆಸ್ಪತ್ರೆ ಮತ್ತು ಬಿಮ್ಸ್, ವಿಜಯಪುರದಲ್ಲಿ ಬಿಎಲ್‌ಡಿಇಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು ಆಸ್ಪತ್ರೆ ಮತ್ತು ಜಿಲ್ಲಾಸ್ಪತ್ರೆ, ಬಾಗಲಕೋಟೆಯಲ್ಲಿ ಕುಮಾರೇಶ್ವರ ಆಸ್ಪತ್ರೆ, ಇವುಗಳಿಂದ ವಿಚಾರಣೆ ಶುರುಮಾಡಿ. ಅಥಣಿ, ಚಿಕ್ಕೋಡಿಯವರು ಮಿರಜಿಗೆ, ಇಂಡಿ, ಚಡಚಣದವರು ಸೊಲ್ಲಾಪುರಕ್ಕೆ ಹೋಗುವ ರೂಢಿ ಇದೆ. ಹತ್ತಿರವಾದರೆ ಅದೂ ಸರಿಯೇ, ಆದರೆ ನಿಮ್ಮ ಆಯುಷ್ಮಾನ್ ಕಾರ್ಡು ಅಲ್ಲಿ ನಡೆಯುವುದೇ ಎಂದು ಮೊದಲೇ ಕೇಳಿಡಿ. ಹೆಸರು ದೊಡ್ಡದೆಂದು ಎರಡು ತಾಸು ದೂರದ ಆಸ್ಪತ್ರೆಗೆ ಓಡುವುದಕ್ಕಿಂತ, ಇಂಜೆಕ್ಷನ್ ಕೊಡುವ ಹತ್ತಿರದ ಆಸ್ಪತ್ರೆ ಮೊದಲು.

ದಾರಿಯನ್ನೂ ಎರಡು ಯೋಚಿಸಿ. ಮಳೆಗಾಲದಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ಏರಿದರೆ ಚಿಕ್ಕೋಡಿ, ನಿಪ್ಪಾಣಿ ಕಡೆ ತಗ್ಗಿನ ಸೇತುವೆಗಳು ಮುಳುಗುತ್ತವೆ. ಕಬ್ಬಿನ ಹಂಗಾಮಿನಲ್ಲಿ ರಾತ್ರಿ ಟ್ರ್ಯಾಕ್ಟರ್ ಸಾಲು ರಸ್ತೆ ತುಂಬಿರುತ್ತದೆ.

ಒಂದು ಫೈಲ್ ಮಾಡಿಡ್ರಿ ಅಂತೀರಿ, ಅದರಾಗ ಏನಿರಬೇಕು?

ಪ್ಲಾಸ್ಟಿಕ್ ಚೀಲದಲ್ಲಿ, ಎಲ್ಲರಿಗೂ ಗೊತ್ತಿರುವ ಒಂದೇ ಮೊಳೆಗೆ ತೂಗುಹಾಕಿ. ಮೇಲೆ ಒಂದು ಹಾಳೆ: ಹೆಸರು, ವಯಸ್ಸು, ತೂಕ ಕಿಲೋದಲ್ಲಿ, ಇರುವ ಕಾಯಿಲೆಗಳು, ಗುಳಿಗೆಗಳ ಹೆಸರು, ಯಾವ ಔಷಧಕ್ಕೆ ಅಲರ್ಜಿ, ಕಳೆದ 3 ತಿಂಗಳಲ್ಲಿ ಆದ ಆಪರೇಷನ್ ಅಥವಾ ತಲೆಪೆಟ್ಟು, ಸಹಿ ಮಾಡುವವರ ಹೆಸರು ಮತ್ತು ನಂಬರ್. ತೂಕ ಯಾಕೆಂದರೆ ಇಂಜೆಕ್ಷನ್ ಪ್ರಮಾಣ ಅದರ ಮೇಲೇ ನಿಂತಿದೆ.

ರಕ್ತ ತೆಳುವಾಗಿಸುವ ಗುಳಿಗೆ (ವಾರ್ಫರಿನ್, ಅಸಿಟ್ರೋಮ್, ಡಾಬಿಗಟ್ರಾನ್, ಅಪಿಕ್ಸಬಾನ್, ರಿವರೋಕ್ಸಬಾನ್) ತಗೊಳ್ಳುವವರಾದರೆ ಅದನ್ನು ಕೆಂಪು ಪೆನ್ನಿನಲ್ಲಿ ಬರೆಯಿರಿ, ಕೊನೆಯ ಗುಳಿಗೆ ಯಾವಾಗ ನುಂಗಿದರು ಎಂದು ಹೊರಡುವಾಗ ಸೇರಿಸಿ. ಇಂಜೆಕ್ಷನ್ ಕೊಡಬಹುದೋ ಬಾರದೋ ಎಂಬುದು ಇದರ ಮೇಲಿರುತ್ತದೆ. ಜೊತೆಗೆ ಹಳೆಯ ಚೀಟಿಗಳು, ಆಧಾರ್ ಮತ್ತು ರೇಷನ್ ಕಾರ್ಡಿನ ಜೆರಾಕ್ಸ್, ಒಂದಿಷ್ಟು ರೊಕ್ಕ. ಆ ಹಾಳೆಯ ಫೋಟೋ ಮಕ್ಕಳೆಲ್ಲರ ಮೊಬೈಲಿನಲ್ಲಿರಲಿ.

ನಾವು ತೋಟದ ವಸ್ತ್ಯಾಗ ಇರ್ತೀವಿ. ಗಾಡಿ ಬಾಗಲತನಕ ಬರೂದಿಲ್ಲ.

ದೊಡ್ಡ ರಸ್ತೆಯಿಂದ ನಿಮ್ಮ ದಾರಿ ತಿರುಗುವ ಕಡೆ ಹೆಸರಿನ ಫಲಕ ಹಾಕಿ, ರಾತ್ರಿ ಹೊಳೆಯುವ ಪಟ್ಟಿ ಅಂಟಿಸಿ. ಕರೆ ಹೋದ ಕೂಡಲೇ ಒಬ್ಬರು ಬ್ಯಾಟರಿ ಹಿಡಿದು ಅಲ್ಲಿಗೆ ಓಡಲಿ. ಮೊಬೈಲಿನಲ್ಲಿ ಲೊಕೇಶನ್ ಕಳಿಸುವುದನ್ನು ಮನೆಯ ಇಬ್ಬರಾದರೂ ಕಲಿತಿರಲಿ. ಗಾಡಿ ನಿಲ್ಲುವ ಜಾಗದವರೆಗೆ ಗಟ್ಟಿ ಜಮಖಾನೆಯ ಮೇಲೆ ಮಲಗಿಸಿ ನಾಲ್ವರು ಮೂಲೆ ಹಿಡಿದು ಒಯ್ಯಬಹುದು. ಕಿರಿದಾದ ಮೆಟ್ಟಿಲಿದ್ದ ಮನೆಯಲ್ಲಿ, ಎಚ್ಚರವಿದ್ದವರನ್ನು ಗಟ್ಟಿ ಕುರ್ಚಿಯಲ್ಲಿ ಕೂಡಿಸಿ, ಎದೆಗೆ ಧೋತರ ಸುತ್ತಿ ಕಟ್ಟಿ ಇಳಿಸುವುದು ಸುಲಭ.

ಅವ್ವ ಊರಾಗ ಒಬ್ಬಾಕಿನ ಇರ್ತಾಳು, ನಾವು ಪುಣೆದಾಗ.

ಬಚ್ಚಲ ಚಿಲಕವನ್ನು ಹೊರಗಿನಿಂದಲೂ ತೆರೆಯುವಂಥದ್ದಕ್ಕೆ ಬದಲಿಸಿ, ಬಿದ್ದವರು ಬಾಗಿಲಿನ ಹಿಂದೆಯೇ ಸಿಕ್ಕಿಬೀಳುತ್ತಾರೆ. ಒಂದು ಕೀಲಿ ನೆರೆಮನೆಯಲ್ಲಿರಲಿ. ಅವ್ವನ ಫೋನಿನಲ್ಲಿ ಒಂದೇ ಗುಂಡಿಗೆ ನೆರೆಯವರ ನಂಬರ್ ಹೊಂದಿಸಿ. ಪುಣೆಯ ಮಗನಿಗಿಂತ ಮೊದಲು ಕರೆ ಹೋಗಬೇಕಾದದ್ದು ಅವರಿಗೆ. ಫೋನ್ ಪಲ್ಲಂಗದ ಮೇಲಿರದೆ ಮೈಮೇಲೆ, ಬಟ್ಟೆಯ ಕಿಸೆಯಲ್ಲಿರಲಿ. ದಿನಾ ಮುಂಜಾನೆ ಮತ್ತು ರಾತ್ರಿ ಮಲಗುವ ಮುಂಚೆ ಒಂದು ಫೋನ್ ಮಾಡಿ. ಪ್ರೀತಿಯ ಮಾತಿನ ಜೊತೆಗೆ, ಕೊನೆಗೆ ಎಷ್ಟು ಹೊತ್ತಿಗೆ ಚೆನ್ನಾಗಿದ್ದರು ಎಂಬುದಕ್ಕೆ ಅದೇ ದಾಖಲೆಯಾಗುತ್ತದೆ.

ಬಿಪಿ ನಾರ್ಮಲ್ ಬಂದೈತಿ, ಗುಳಿಗಿ ಬಿಟ್ಟರ ನಡೀತೈತೇನ್ರಿ?

ನಾರ್ಮಲ್ ಬಂದದ್ದೇ ಗುಳಿಗೆಯಿಂದ. ಬಿಟ್ಟರೆ ಮತ್ತೆ ಏರುತ್ತದೆ, ಏರಿದ್ದು ಮೈಗೆ ಗೊತ್ತಾಗುವುದಿಲ್ಲ. ಸ್ಟ್ರೋಕಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ಇದೇ. ನೋಡುವ ಮುನ್ನ 5 ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಸುಮ್ಮನೆ ಕೂರಿ, ಅರ್ಧ ತಾಸು ಮೊದಲು ಚಹಾ, ತಂಬಾಕು ಬೇಡ. ಉಪ್ಪು ದಿನಕ್ಕೆ 5 ಗ್ರಾಂ ಮೀರಬಾರದು. ಉಪ್ಪಿನಕಾಯಿ, ಹಪ್ಪಳ, ಶೇಂಗಾ ಹಿಂಡಿಯಲ್ಲಿರುವುದೂ ಅದರಲ್ಲೇ ಸೇರಿತು. ಗುಟ್ಕಾ, ಬೀಡಿ, ಹೆಣ್ಣುಮಕ್ಕಳು ಹಲ್ಲಿಗೆ ತಿಕ್ಕುವ ಮಿಶ್ರಿ, ಎಲ್ಲವೂ ತಂಬಾಕೇ.

### ಆಸ್ಪತ್ರೆಯಲ್ಲಿ

ಮುಂಜಾನೆ ಎದ್ದಾಗ ಕೈ ಸೋತಿತ್ತು. ಯಾವಾಗ ಆತೋ ಗೊತ್ತಿಲ್ಲ. ಏನು ವೇಳೆ ಹೇಳಬೇಕು?

ಕಂಡ ವೇಳೆಯನ್ನಲ್ಲ, ಕೊನೆಗೆ ಚೆನ್ನಾಗಿದ್ದ ವೇಳೆಯನ್ನು ಹೇಳಿ. ರಾತ್ರಿ 10ಕ್ಕೆ ಮಲಗಿ 5ಕ್ಕೆ ಎದ್ದವರಾದರೆ ಲೆಕ್ಕ 10ರಿಂದ. ನಡುವೆ 3ಕ್ಕೆ ಎದ್ದು ತಾವೇ ನಡೆದುಹೋಗಿ ಬಂದಿದ್ದರೆ ಲೆಕ್ಕ 3ರಿಂದ, ಆ ಒಂದು ಮಾತು ಚಿಕಿತ್ಸೆಯ ಬಾಗಿಲನ್ನೇ ತೆರೆಯಬಹುದು. ಹೊತ್ತು ಮೀರಿದೆ ಎಂದು ಕೈಚೆಲ್ಲಬೇಡಿ: ಎಂಆರ್‌ಐ ಅಥವಾ ವಿಶೇಷ ಸಿಟಿ ನೋಡಿ ಇಂಥವರಿಗೂ ಚಿಕಿತ್ಸೆ ಕೊಡುವುದಿದೆ.

ಹೆಪ್ಪು ಕರಗಸೂ ಇಂಜೆಕ್ಷನ್ ಅಂದ್ರ ಏನ್ರಿ? ಅಪಾಯ ಐತಿ ಅಂತ ಸಹಿ ಕೇಳ್ತಾರ.

ಆಲ್ಟೆಪ್ಲೇಸ್, ಟೆನೆಕ್ಟೆಪ್ಲೇಸ್ ಎಂದು ಎರಡಿವೆ. ಆಲ್ಟೆಪ್ಲೇಸ್ ಕಿಲೋ ತೂಕಕ್ಕೆ 0.9 ಮಿಲಿಗ್ರಾಂ, ಹೆಚ್ಚೆಂದರೆ 90. ಹತ್ತರಲ್ಲೊಂದು ಪಾಲು ಒಮ್ಮೆಗೇ, ಉಳಿದದ್ದು ಒಂದು ತಾಸಿನಲ್ಲಿ. ಟೆನೆಕ್ಟೆಪ್ಲೇಸ್ ಕಿಲೋಗೆ 0.25 ಮಿಲಿಗ್ರಾಂ, ಹೆಚ್ಚೆಂದರೆ 25, ಒಂದೇ ಸಲಕ್ಕೆ. ಶುರುವಾದ ನಾಲ್ಕೂವರೆ ತಾಸಿನೊಳಗೆ ಕೊಡಬೇಕು, ಅದರೊಳಗೂ ಎಷ್ಟು ಬೇಗವೋ ಅಷ್ಟು ಗುಣ. ನಾಲ್ಕೂವರೆ ತಾಸು ಎಂದರೆ ಆಸ್ಪತ್ರೆ ಬಾಗಿಲಿಗೆ ತಲುಪುವ ಗಡುವಲ್ಲ; ಸ್ಕ್ಯಾನ್, ರಕ್ತಪರೀಕ್ಷೆ ಮುಗಿದು ಸೂಜಿ ಏರಬೇಕಾದ ಗಡುವು.

ಅಪಾಯ ನಿಜ. 1995ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ಔಷಧ ಪಡೆದ 100 ಜನರಲ್ಲಿ ಸುಮಾರು 6 ಮಂದಿಗೆ ಮೆದುಳಲ್ಲಿ ರಕ್ತಸ್ರಾವವಾಗಿ ಸ್ಥಿತಿ ಕೆಟ್ಟಿತು. ಹಾಗಿದ್ದೂ ಮೂರು ತಿಂಗಳಿಗೆ ತಮ್ಮ ಕೆಲಸ ತಾವೇ ಮಾಡಿಕೊಳ್ಳುವಷ್ಟು ಸುಧಾರಿಸಿದವರು ಔಷಧ ಪಡೆದವರಲ್ಲೇ ಹೆಚ್ಚು, ಸಾವು ಹೆಚ್ಚಲಿಲ್ಲ. ಸಹಿಯ ಹೊತ್ತಿಗೆ 'ದೊಡ್ಡಣ್ಣ ಬರ್ಲಿ, ಕಾಕಾನ್ನ ಕೇಳೂಣು' ಎನ್ನುವಲ್ಲಿ ಗಡುವು ದಾಟಿಹೋಗುತ್ತದೆ. ಯಾರು ಸಹಿ ಮಾಡಬೇಕು ಎಂದು ಮನೆಯವರೆಲ್ಲ ಈಗಲೇ ಕೂಡಿ ಒಪ್ಪಿಕೊಂಡಿರಿ.

ಸಿಟಿ ನಾರ್ಮಲ್ ಅಂದ್ರು. ಅಂದ್ರ ಲಕ್ವಾ ಇಲ್ಲ ಅಂತನ?

ಅಲ್ಲ. ಹೆಪ್ಪಿನ ಸ್ಟ್ರೋಕ್ ಮೊದಲ ಕೆಲವು ತಾಸು ಸಿಟಿಯಲ್ಲಿ ಕಾಣದಿರಬಹುದು. ಆಗ ಸಿಟಿ ಮಾಡುವುದೇ ರಕ್ತಸ್ರಾವ ಇಲ್ಲ ಎಂದು ಖಚಿತಪಡಿಸಿಕೊಳ್ಳಲು. 'ನಾರ್ಮಲ್' ಕೇಳಿ ಮನೆಗೆ ಕರೆತರಬೇಡಿ.

ತಂತಿ ಹಾಕಿ ಹೆಪ್ಪು ತಗೀತಾರಂತ, ಅದು ಯಾರಿಗೆ?

ಮೆದುಳಿನ ದೊಡ್ಡ ನಾಳವೇ ಕಟ್ಟಿದ್ದರೆ ತೊಡೆಸಂದಿಯ ರಕ್ತನಾಳದಿಂದ ನಳಿಕೆ ತೂರಿಸಿ ಹೆಪ್ಪನ್ನು ಎಳೆಯುತ್ತಾರೆ. ಸಾಮಾನ್ಯವಾಗಿ 6 ತಾಸಿನೊಳಗೆ, ಸ್ಕ್ಯಾನ್ ನೋಡಿ ಆಯ್ದವರಿಗೆ 24 ತಾಸಿನವರೆಗೂ. ಇದು ಎಲ್ಲ ಆಸ್ಪತ್ರೆಯಲ್ಲಿ ಆಗುವುದಿಲ್ಲ. ಬೇರೆಡೆ ಕಳಿಸುವುದಾದರೆ ಇಂಜೆಕ್ಷನ್ ಇಲ್ಲೇ ಕೊಟ್ಟು ಕಳಿಸಬಹುದೇ ಎಂದು ಕೇಳಿ.

ರೊಕ್ಕದ್ದು ಹೆಂಗ್ರಿ?

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, 1.5 ಲಕ್ಷದ ಮಿತಿಯಲ್ಲಿ ಸಿಗುತ್ತದೆ. ನೋಂದಾಯಿತ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರನ್ನು ಕೇಳಿ, ಒಬ್ಬರು ಅವರ ಬಳಿ ಹೋಗಲಿ, ಇನ್ನೊಬ್ಬರು ರೋಗಿಯ ಜೊತೆ ಸ್ಕ್ಯಾನಿಗೆ ನಡೆಯಲಿ. ಕಾರ್ಡು ಮನೆಯಲ್ಲಿ ಉಳಿದರೆ ತರಲು ಯಾರನ್ನಾದರೂ ಕಳಿಸಿ, ರೋಗಿಯನ್ನು ಅದಕ್ಕಾಗಿ ನಿಲ್ಲಿಸಬೇಡಿ.

ಅಪ್ಪಗ ಮೊದಲ ಒಮ್ಮೆ ಆಗೇತಿ, ಕೈ ಇನ್ನೂ ಸೋತೈತಿ. ಮತ್ತ ಹೊಸದಾಗಿ ಆದ್ರ ಹೆಂಗ ಗೊತ್ತಾಗಬೇಕು?

ಒಮ್ಮೆ ಆದವರಿಗೆ ಮತ್ತೆ ಆಗುವ ಸಂಭವ ಹೆಚ್ಚು, ಹಳೆಯ ಸೋಲು ಹೊಸದನ್ನು ಮುಚ್ಚಿಬಿಡುತ್ತದೆ. ಈಗ ಆರಾಮಿದ್ದಾಗಲೇ ಮೊಬೈಲಿನಲ್ಲಿ ಒಂದು ನಿಮಿಷದ ವಿಡಿಯೋ ಮಾಡಿಡಿ: ಹಲ್ಲು ತೋರಿಸುವುದು, ಎರಡೂ ಕೈ ಚಾಚುವುದು, ಸಂತೆಯ ಸಾಲು ಹೇಳುವುದು, ನಾಲ್ಕು ಹೆಜ್ಜೆ ನಡೆಯುವುದು. ಎರಡು ಮೂರು ತಿಂಗಳಿಗೊಮ್ಮೆ ಹೊಸದಾಗಿ ತೆಗೆಯಿರಿ. ಅನುಮಾನ ಬಂದಾಗ 108ಕ್ಕೆ ಕರೆ ಮಾಡಿ, ಗಾಡಿ ಬರುವಷ್ಟರಲ್ಲಿ ಹೋಲಿಸಿ ನೋಡಿ, ಆಸ್ಪತ್ರೆಯಲ್ಲಿ ವೈದ್ಯರಿಗೂ ತೋರಿಸಿ. ಹಳೆಯ ಕೈ ಎಷ್ಟು ಏಳುತ್ತಿತ್ತು ಎಂಬುದು ಅವರಿಗೆ ಬೇರೆ ಯಾವ ಕಾಗದದಿಂದಲೂ ಇಷ್ಟು ಸ್ಪಷ್ಟವಾಗಿ ಸಿಗುವುದಿಲ್ಲ.